ಸ್ಟೀಲ್ ಸ್ಕೇಲ್ ಬಗ್ಗಿಸಿ ಬೀಮ್ (ತೊಲೆ) ಪಾಠ ಮಾಡಿದ್ದು: ನನ್ನ ಅನುಭವ

ಮೇಜಿನ ಅಂಚಿಗೆ ಸ್ಟೀಲ್ ಸ್ಕೇಲ್ ಬಿಗಿದು, ತುದಿಗೆ ತೂಕ ನೇತುಹಾಕಿ ವಿದ್ಯಾರ್ಥಿಗಳಿಂದ ಯಂಗ್ಸ್ ಮಾಡ್ಯುಲಸ್ (ವಸ್ತು ಎಷ್ಟು ಪೆಡಸು ಅನ್ನುವ ಅಳತೆ) ತೆಗೆಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕಿದ್ದರು. "ಯುಟಿಎಂ ಇದೆಯಲ್ಲ ಸಾರ್, ಈ ಮಕ್ಕಳಾಟ ಯಾಕೆ?" ಯುಟಿಎಂ, ಅಂದರೆ ಸರಳನ್ನು ಎಳೆದು ಮುರಿದು ಪರೀಕ್ಷಿಸುವ ದೊಡ್ಡ ಯಂತ್ರ, ಇದೆ, ನಿಜ. ಆದರೆ ಸರಳು ತುಂಡಾಗುವುದು ಕಾಣುವುದು ಮುಂದೆ ನಿಂತ ನಾಲ್ಕು ಜನಕ್ಕೆ. ಉಳಿದವರು ಸುಮ್ನೆ ರೀಡಿಂಗ್ ಕಾಪಿ ಮಾಡುತ್ತಾರೆ, ಅಲ್ವಾ?

ಮೊದಲು ಕೈ ಸುಟ್ಟುಕೊಂಡಿದ್ದು ಪ್ಲಾಸ್ಟಿಕ್ ಪಟ್ಟಿಗಳಲ್ಲಿ. ಚೆನ್ನಾಗಿ ಬಗ್ಗುತ್ತದೆ ಅಂತ ರಾಶಿ ತಂದೆ. ರೀಡಿಂಗ್ ಬರೆಯುವಷ್ಟರಲ್ಲಿ ಇನ್ನಷ್ಟು ಜಗ್ಗುತ್ತಿತ್ತು. ಕ್ರೀಪ್, ಅಂದರೆ ತೂಕ ಅಷ್ಟೇ ಇದ್ದರೂ ನಿಧಾನವಾಗಿ ಜಗ್ಗುತ್ತಾ ಹೋಗುವುದು! ಪಾಠ ಮಾಡಬೇಕಿದ್ದ ನಾನೇ ಮರೆತಿದ್ದೆ. ಎಲ್ಲ ಮೂಲೆಗೆ ಹೋಯಿತು.

ಆಮೇಲೆ ಬಾಗು ಅಳೆಯಲು ಸ್ವಂತ ದುಡ್ಡಲ್ಲಿ ಡಯಲ್ ಗೇಜ್ (ಸಣ್ಣ ಚಲನೆಯನ್ನು ಮುಳ್ಳಿನಿಂದ ತೋರಿಸುವ ಮಾಪಕ) ತಂದೆ. ಅದು ಇನ್ನೂ ದೊಡ್ಡ ದಂಡ. ನಾನು ಹಾಕುತ್ತಿದ್ದುದು 100 ಗ್ರಾಂ, ಅಂದರೆ ಹೆಚ್ಚುಕಡಿಮೆ 1 ನ್ಯೂಟನ್. ಗೇಜಿನ ಒಳಗಿನ ಸ್ಪ್ರಿಂಗ್ ಕೂಡ ಸುಮಾರು ಅಷ್ಟೇ ಬಲದಿಂದ ಸ್ಕೇಲನ್ನು ಒತ್ತುತ್ತದೆ. ಇದು ತಲೆಗೆ ಹೋಗಲು ಎರಡು ವಾರ ಬೇಕಾಯಿತು. ಈಗ ಸ್ಕೇಲಿನ ತುದಿಯ ಹಿಂಬದಿಗೆ ಒಂದು ಗ್ರಾಫ್ ಹಾಳೆ ಅಂಟಿಸಿ ಬಾಗು ಓದುತ್ತೇನೆ, ಅಷ್ಟೇ.

ಆದರೂ ಉತ್ತರ 145 ಗಿಗಾಪಾಸ್ಕಲ್ ಆಸುಪಾಸು ನಿಂತುಬಿಡುತ್ತಿತ್ತು. ಉಕ್ಕಿಗೆ 200 ಬರಬೇಕು. ಕಾರಣ ನಾಚಿಕೆಗೇಡು: ಸ್ಕೇಲಿನ ದಪ್ಪ 1 ಮಿ.ಮೀ. ಅಂತ ಅಂದಾಜಿನಲ್ಲಿ ಹಾಕಿದ್ದೆ. ಸ್ಕ್ರೂ ಗೇಜ್ ಹಿಡಿದರೆ 0.9. ದಪ್ಪದ ಘನ ತಾನೇ ಲೆಕ್ಕಕ್ಕೆ ಬರುವುದು, ಅಲ್ಲೇ ಕಾಲುಭಾಗಕ್ಕಿಂತ ಜಾಸ್ತಿ ಹೋಯಿತು. ಈಗ ಇದೇ ತಪ್ಪನ್ನು ವಿದ್ಯಾರ್ಥಿಗಳಿಗೆ ಬೇಕಂತಲೇ ಮಾಡಲು ಬಿಡುತ್ತೇನೆ. ದಪ್ಪದ ಮಹಿಮೆ ಇನ್ನೆಂದೂ ಮರೆಯುವುದಿಲ್ಲ.

ಇನ್ನೊಂದು ಕಳ್ಳ, ಸ್ಕೇಲನ್ನು ಮೇಜಿಗೆ ಬಿಗಿಯುವ ಕ್ಲ್ಯಾಂಪ್. ಅದರಲ್ಲಿನ ಮರದ ತುಂಡು ಮೆತ್ತಗಿದ್ದರೆ 250 ಮಿ.ಮೀ. ಚಾಚು (ಅಂಚಿನಿಂದ ಹೊರಗಿರುವ ಉದ್ದ) 260ರಂತೆ ನಡೆದುಕೊಳ್ಳುತ್ತದೆ, ಬಾಗು ನೂರಕ್ಕೆ 12ರಷ್ಟು ಹೆಚ್ಚುತ್ತದೆ. ನಾನು ಹೇಗೆ ಬಿಗಿಯುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನೀವೂ ಸ್ವಲ್ಪ ಒದ್ದಾಡಿ. 25 ಮಿ.ಮೀ. ಅಗಲದ ಸ್ಕೇಲಿಗೆ 100 ಗ್ರಾಂ ಹಾಕಿದರೆ 17 ಮಿ.ಮೀ. ಹತ್ತಿರ ಇಳಿಯುತ್ತದೆ. ಕಳೆದ ಬ್ಯಾಚಿನಲ್ಲಿ ಬಹುಪಾಲು ಗುಂಪುಗಳಿಗೆ ಉತ್ತರ 190 ಗಿಗಾಪಾಸ್ಕಲ್ ಮೇಲೇ ಬಂತು. ನಕ್ಕವರು ಬಂದು ನೋಡಿಕೊಂಡು ಹೋದರು.

ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಜೋಡಿ ಸ್ಕೇಲ್. ಎರಡನ್ನು ಸುಮ್ನೆ ಒಂದರ ಮೇಲೊಂದು ಇಟ್ಟರೆ ಬಾಗು ಅರ್ಧವಾಗುತ್ತದೆ. ಅಂಟಿಸಿದರೆ ಎಂಟನೇ ಒಂದು ಪಾಲು ಆಗಬೇಕು. ಮೊದಲ ಸಲ ರಬ್ಬರಿನಂಥ ಅಂಟು ಬಳಿದೆ, 6 ಮಿ.ಮೀ.ಗೆ ನಿಂತಿತು. ಹುಡುಗಿಯೊಬ್ಬಳು "ಒಳಗೆ ಜಾರ್ತಾ ಇದೆ ಸಾರ್" ಅಂದಳು. ಹಾರಿಜಾಂಟಲ್ ಶಿಯರ್ (ಪದರಗಳು ಒಂದರ ಮೇಲೊಂದು ಜಾರಲು ನೋಡುವುದು) ಬಗ್ಗೆ ನಾನು ಇನ್ನೂ ಬಾಯಿಬಿಟ್ಟಿರಲಿಲ್ಲ! ಗಟ್ಟಿಯಾಗಿ ಕೂರುವ ಎಪಾಕ್ಸಿ ಅಂಟು ಹಾಕಿದ ಮೇಲೆ 2 ಮಿ.ಮೀ.ಗೆ ಬಂತು. ಹಾಕುವ ಮುಂಚೆ ಒಂದು ಕೆಲಸ ಮಾಡಬೇಕು, ಅದೂ ನನ್ನ ಗುಟ್ಟೇ.

ನ್ಯೂಟ್ರಲ್ ಆ್ಯಕ್ಸಿಸ್‌ಗೆ (ಬಗ್ಗಿದಾಗ ಎಳೆತವೂ ಒತ್ತೂ ಇಲ್ಲದ ನಡುವಿನ ಪದರ) ಸ್ಪಂಜಿನ ತುಂಡು ಸಾಕು. ಪಕ್ಕದಲ್ಲಿ ಪೆನ್ನಿನಿಂದ ಮೇಲಿಂದ ಕೆಳಕ್ಕೆ ನೆಟ್ಟಗೆ ಗೆರೆಗಳನ್ನು ಎಳೆದು ಬಗ್ಗಿಸಿ: ಒಂದು ಕಡೆ ಗೆರೆಗಳು ಒತ್ತಿಕೊಳ್ಳುತ್ತವೆ, ಇನ್ನೊಂದು ಕಡೆ ದೂರವಾಗುತ್ತವೆ. ಗೋಡೆಯಿಂದ ಚಾಚಿದ ತೊಲೆ ಕೆಳ ಅಂಚಿನ ಮೇಲೆ ತಿರುಗುತ್ತದೆ, ಉಳಿದದ್ದೆಲ್ಲ ಎಳೆತದಲ್ಲೇ ಇರುತ್ತದೆ ಅಂತ 1638ರಲ್ಲಿ ಗೆಲಿಲಿಯೋ ತಪ್ಪಾಗಿ ಅಂದುಕೊಂಡಿದ್ದ. ಆ ಲೆಕ್ಕದಲ್ಲಿ ತೊಲೆಗೆ ನಿಜಕ್ಕಿಂತ ಮೂರು ಪಟ್ಟು ಶಕ್ತಿ ಬಂದುಬಿಡುತ್ತದೆ. ನನ್ನ ವಿದ್ಯಾರ್ಥಿಗಳಲ್ಲೂ ಪ್ರತಿ ವರ್ಷ ಇಬ್ಬರು ಮೂವರು ಗೆಲಿಲಿಯೋಗಳು ಸಿಗುತ್ತಾರೆ.

ಈಗ ಹೊಸ ಹುಚ್ಚು ಸೀಮೆಸುಣ್ಣ. ತಿರುಚಿದರೆ 45 ಡಿಗ್ರಿಯಲ್ಲಿ ಸುರುಳಿಯಾಗಿ ಮುರಿಯುತ್ತದೆ, ಹಾಗೇ ತಿರುಚಿದ ಮೈಲ್ಡ್ ಸ್ಟೀಲ್ (ಮೆದು ಉಕ್ಕು) ಸರಳು ಅಡ್ಡಕ್ಕೆ ಚಪ್ಪಟೆಯಾಗಿ ಮುರಿಯುತ್ತದೆ. ಇಡೀ ತರಗತಿ ಮುರಿಯಲು ಕೂತರೆ ಡಬ್ಬಿಗಟ್ಟಲೆ ಖಾಲಿ. ಸ್ಟೋರಿನವರು ಲೆಕ್ಕ ಕೇಳಿದ್ದಾರೆ, ನಾನಿನ್ನೂ ಉತ್ತರ ಕೊಟ್ಟಿಲ್ಲ.