ಒಂದು ವಾರ, ಒಂದೇ ತಂಬಿಗೆ: ಡಿಸೈನ್ ಓದುವವರು ಕೈ ಪಳಗಿಸುವ ಬಗೆ

ಇಂಡಸ್ಟ್ರಿಯಲ್ ಡಿಸೈನ್ ಸೇರಿದ ಮೊದಲ ಸೆಮಿಸ್ಟರ್‌ನಲ್ಲಿ ನಾನು ವಾರವಿಡೀ ಪೆನ್ನು ಮುಟ್ಟದೆ, ಭಾನುವಾರ ಒಮ್ಮೆಲೇ ನಾಲ್ಕು ತಾಸು ಕೂತು ಸ್ಕೆಚ್ ಮಾಡುತ್ತಿದ್ದೆ. ಅದರಲ್ಲಿ ಒಂದು ತಾಸು ಕೈ ಸಡಿಲಾಗೋದಕ್ಕೇ ಹೋಗುತ್ತಿತ್ತು. ರಿವ್ಯೂ ದಿನ ಎಲ್ಲರೆದುರು ಬೋರ್ಡ್ ಮೇಲೆ ಒಂದು ಮಗ್ ತೆಗೆಯಲು ಹೇಳಿದರು. ಬಾಯಿಯ ಗೆರೆ ಸುತ್ತಿ ಬಂದು ಸೇರಲೇ ಇಲ್ಲ. ಆಮೇಲೆ ದಿನಕ್ಕೆ 20 ನಿಮಿಷ ಅಂತ ಶುರು ಮಾಡಿದೆ, ಅದು ಇವತ್ತಿಗೂ ನಡೆದಿದೆ.

ಮೊದಲು ಒಂದು ಕೆಲಸ ಮಾಡಿ. 'ಇವತ್ತು ಏನು ತೆಗೆಯಲಿ' ಅನ್ನೋ ಪ್ರಶ್ನೆಯನ್ನೇ ಇಟ್ಟುಕೊಳ್ಳಬೇಡಿ. ವಾರಕ್ಕೆ ಒಂದೇ ವಸ್ತು. ಮೊದಲ ವಾರಕ್ಕೆ ಅಡುಗೆಮನೆಯ ತಂಬಿಗೆ ಸಾಕು. ಬೆಳಗಿನ ಚಹಾ ಕುಡಿದ ಜಾಗದಲ್ಲೇ ಅದನ್ನು ನೆಲದ ಮೇಲೆ ಇಟ್ಟುಕೊಂಡು ಕೂತುಬಿಡಿ.

ಮೊದಲ ಐದು ನಿಮಿಷ ಬರೀ ಗೆರೆ ಮತ್ತು ಎಲಿಪ್ಸ್, ಅಂದ್ರೆ ದುಂಡು ಬಾಯಿ ಓರೆಯಿಂದ ನೋಡಿದಾಗ ಕಾಣುವ ಚಪ್ಪಟೆ ವೃತ್ತ. ಪೆನ್ನನ್ನು ಕಾಗದಕ್ಕೆ ತಾಗಿಸದೆ ಎರಡು ಸಲ ಗಾಳಿಯಲ್ಲಿ ಆಡಿಸಿ, ಮೂರನೇ ಸಲಕ್ಕೆ ಎಳೆಯಿರಿ. ಮಣಿಕಟ್ಟು ತಿರುಗಬಾರದು, ಭುಜದಿಂದ ಕೈ ಬರಬೇಕು. ಆಮೇಲೆ ತಂಬಿಗೆಗೆ ಬನ್ನಿ. ಮೇಲಿನಿಂದ ನೋಡುವಾಗ ಬಾಯಿಯ ಎಲಿಪ್ಸ್ ಚಪ್ಪಟೆಯಾಗಿ, ತಳದ್ದು ಅದಕ್ಕಿಂತ ದುಂಡಗೆ ಕಾಣುತ್ತದೆ, ಯಾಕಂದ್ರೆ ಬಾಯಿ ಕಣ್ಣಿನ ಮಟ್ಟಕ್ಕೆ ಹತ್ತಿರ ಇದೆ. ಎರಡನ್ನೂ ಒಂದೇ ಥರ ತೆಗೆದರೆ ತಂಬಿಗೆ ನೆಲದ ಮೇಲೆ ಕೂರೋದಿಲ್ಲ. ನೀರು ಸುರಿಯುವ ಹಾಗೆ ವಾಲಿಸಿ ತೆಗೆಯುವಾಗ ಜಾಸ್ತಿ ಜನ ಬಾಯಿಯನ್ನು ಅಡ್ಡಕ್ಕೇ ಬಿಟ್ಟುಬಿಡುತ್ತಾರೆ. ಹಾಗಲ್ಲ, ತಂಬಿಗೆಯ ನಡುಗೆರೆ (ತಳದ ನಡುವಿನಿಂದ ಬಾಯಿಯ ನಡುವಿಗೆ ಹೋಗುವ ಗೆರೆ) ಎಷ್ಟು ವಾಲುತ್ತದೋ ಎಲಿಪ್ಸೂ ಅಷ್ಟೇ ವಾಲಬೇಕು, ಅದರ ಉದ್ದದ ಗೆರೆ ನಡುಗೆರೆಗೆ ನೇರ ಅಡ್ಡ ಬೀಳಬೇಕು. ಇದೊಂದು ಕೈಗೆ ಹತ್ತಿದರೆ ಮಿಕ್ಸರ್ ಜಾರ್, ಬೈಕ್ ಚಕ್ರ, ಟಾರ್ಚು ಎಲ್ಲಕ್ಕೂ ಅದೇ ಲೆಕ್ಕ.

ಕಾಗದಕ್ಕೆ ದುಡ್ಡು ಸುರಿಯಬೇಡಿ, ದುಬಾರಿ ಸ್ಕೆಚ್‌ಬುಕ್ ಇದ್ದರೆ ಹಾಳಾಗುತ್ತೆ ಅಂತ ಕೈ ಹೆದರುತ್ತದೆ. ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ಬಹಳ, ಆ ಕಡೆ ಹೋದಾಗ ಕಟಿಂಗ್‌ನಲ್ಲಿ ಉಳಿದ ಹಾಳೆ ಕೇಳಿ ನೋಡಿ. ಬಾಲ್‌ಪೆನ್ನೇ ಇರಲಿ, ರಬ್ಬರ್ ಬೇಡ. ಪ್ರತಿ ಹಾಳೆಗೂ ತಾರೀಖು ಹಾಕಿ.

ಹುಬ್ಬಳ್ಳಿ–ಧಾರವಾಡ ನಡುವೆ ಚಿಗರಿ ಬಸ್ಸಿನಲ್ಲಿ ಓಡಾಡುವವರಿಗೆ ಇನ್ನೊಂದು ಅಭ್ಯಾಸ ಇದೆ. ಬಸ್ಸಿನಲ್ಲಿ ಚಿತ್ರ ತೆಗೆಯೋದು ಬೇಡ, ಸುಮ್ನೆ ಕೈಗಳನ್ನು ನೋಡಿ. ಬ್ರೇಕ್ ಹಾಕಿದಾಗ ಯಾರು ಎಲ್ಲಿ ಹಿಡಿಯುತ್ತಾರೆ? ಕುಳ್ಳಗಿರುವ ಅಜ್ಜಿಗೆ ಮೇಲಿನ ಹಿಡಿಕೆ ಸಿಗದಿದ್ದರೆ ಸೀಟಿನ ಅಂಚನ್ನೇ ಹಿಡಿಯುತ್ತಾಳಲ್ವಾ? ಇಳಿದ ಮೇಲೆ ಎರಡು ಸಾಲು ಬರೆದಿಡಿ. ಪ್ರಾಜೆಕ್ಟ್ ಬಂದಾಗ ಇವೇ ಕೈ ಹಿಡಿಯುತ್ತವೆ.

ಒಂದು ದಿನ ತಪ್ಪಿತಾ? ಮರುದಿನ 40 ನಿಮಿಷ ಮಾಡಲು ಹೋಗಬೇಡಿ. 20 ನಿಮಿಷವೇ ಮಾಡಿ. ಸಾಲ ತೀರಿಸುವ ಲೆಕ್ಕಕ್ಕೆ ಇಳಿದರೆ ನಾಲ್ಕನೇ ದಿನ ಕೈಬಿಡುತ್ತೀರಿ, ನನಗೂ ಹಾಗೇ ಆಗಿದೆ.

ಭಾನುವಾರ ಪೆನ್ನು ಪಕ್ಕಕ್ಕಿಡಿ. ಅಂಗಡಿಯ ಹಳೇ ರಟ್ಟಿನ ಡಬ್ಬಿ ತಂದು, ತಂಬಿಗೆಯ ಒಂದು ಬದಿಯ ಅಂಚನ್ನು ಕಣ್ಣಳತೆಯಲ್ಲೇ ಅದರ ಮೇಲೆ ತೆಗೆದು, ಕಟರ್‌ನಿಂದ ಒಂದೇ ಏಟಿಗೆ ಒತ್ತದೆ ಎರಡು ಮೂರು ಸಲ ಹಗುರವಾಗಿ ಎಳೆದು ಕತ್ತರಿಸಿ. ಆ ಅಂಚಿನ ಹೊರಗೆ ಉಳಿದ ರಟ್ಟನ್ನು ತಂಬಿಗೆಗೆ ಒತ್ತಿ ಹಿಡಿದು ಕಿಟಕಿಯ ಬೆಳಕಿಗೆ ನೋಡಿ. ಎಲ್ಲಿ ಬೆಳಕು ತೂರುತ್ತದೋ ಅಲ್ಲಿ ಕಣ್ಣು ತಪ್ಪಿದೆ ಅಂತ ಅರ್ಥ. ನನ್ನ ಮೊದಲ ರಟ್ಟಿನಲ್ಲಿ ಕುತ್ತಿಗೆಯ ಹತ್ತಿರ ಕಿರುಬೆರಳು ಹೋಗುವಷ್ಟು ಸಂದು ಇತ್ತು. ಮತ್ತೆ ಮಾಡಿದೆ, ಮೂರನೆಯದರಲ್ಲಿ ಬಸ್ ಟಿಕೆಟ್ ಮಾತ್ರ ತೂರಿತು.