ಹಿಂದಿನ ದವಡೆ ಹಲ್ಲು ಹಳದಿಯಾಗಿ ಬಂದಿದೆಯಾ? ಉಳಿಸಿಕೊಳ್ಳುವುದು ಹೀಗೆ

ಆರೇಳು ವರ್ಷದ ಮಗು ಹಲ್ಲುಜ್ಜುವಾಗ ಬಾಯಿಯ ಒಂದು ಮೂಲೆಯನ್ನು ದಿನಾ ಬಿಟ್ಟುಬಿಡುತ್ತಿದ್ದರೆ ಬೈಯಬೇಡಿ. ಮೊದಲು ಟಾರ್ಚ್ ಹಾಕಿ ನೋಡಿ. ನನ್ನ ಮಗಳು ಹಾಗೆ ಮಾಡುತ್ತಿದ್ದಾಗ ಸೋಮಾರಿತನ ಅಂದುಕೊಂಡು ಒಂದು ತಿಂಗಳು ಗದರಿಸಿದ್ದೆ. ಆಮೇಲೊಂದು ದಿನ ಫ್ರಿಜ್ ನೀರು ಕುಡಿದು ಕೆನ್ನೆ ಹಿಡಿದುಕೊಂಡು ಕೂತಳು. ಬಾಯಿ ತೆರೆಸಿ ನೋಡಿದರೆ ಕೆಳಗಿನ ಸಾಲಿನ ಕೊನೆಯಲ್ಲಿ ಹೊಸ ಹಲ್ಲೊಂದು ಅರ್ಧ ಮೇಲೆ ಬಂದಿತ್ತು, ಅದರ ಮೇಲೆ ಕೆನೆ ಬಣ್ಣದ ಮಚ್ಚೆ, ಒಂದು ಅಂಚು ಪೂರ್ತಿ ಕಂದು. ಬ್ರಷ್ ತಾಗಿದರೆ ಅವಳಿಗೆ ಜುಮ್ ಅನ್ನುತ್ತಿತ್ತು.

ಈ ಹಲ್ಲು ಯಾವ ಹಾಲುಹಲ್ಲೂ ಬೀಳದೆ, ಕೊನೆಯ ಹಾಲುಹಲ್ಲಿನ ಹಿಂದೆ, ಸದ್ದಿಲ್ಲದೆ ಬರುತ್ತದೆ. ಹಾಗಾಗಿ ಮನೆಯಲ್ಲಿ ಎಲ್ಲರೂ "ಬಿಡು, ಹೇಗೂ ಬಿದ್ದುಹೋಗುವ ಹಲ್ಲು" ಅಂತಾರೆ. ಬೀಳುವುದಿಲ್ಲ. ಇದು ಶಾಶ್ವತ ಹಲ್ಲು, ಮಗು ಮುದುಕಿಯಾಗುವವರೆಗೂ ಅಗಿಯಬೇಕಾದದ್ದು ಇದರಲ್ಲೇ. ಬಲ, ಎಡ, ಮೇಲೆ, ಕೆಳಗೆ ಅಂತ ಒಟ್ಟು ನಾಲ್ಕು ಇರುತ್ತವೆ, ನಾಲ್ಕನ್ನೂ ನೋಡಿ. ಬಾಯಿಯ ಮುಂಭಾಗದ ಹೊಸ ಹಲ್ಲುಗಳಲ್ಲೂ ಮಚ್ಚೆ ಇದೆಯಾ ಅಂತ ಜೊತೆಗೇ ಗಮನಿಸಿ.

ಈ ತೊಂದರೆಯನ್ನು ದಂತವೈದ್ಯರು ಎಂ.ಐ.ಎಚ್. ಅನ್ನುತ್ತಾರೆ. ಪೂರ್ತಿ ಹೆಸರು ಮೋಲಾರ್ ಇನ್ಸೈಸರ್ ಹೈಪೋಮಿನರಲೈಸೇಷನ್, ಅಂದರೆ ದವಡೆ ಹಲ್ಲು ಮತ್ತು ಮುಂಭಾಗದ ಹಲ್ಲುಗಳು ಸರಿಯಾಗಿ ಗಟ್ಟಿಯಾಗದಿರುವುದು. ಈ ದವಡೆ ಹಲ್ಲಿನ ಎನಾಮೆಲ್, ಅಂದರೆ ಹೊರಗಿನ ಗಟ್ಟಿ ಪದರ, ಮಗು ಹುಟ್ಟುವ ಹೊತ್ತಿಗೆ ಶುರುವಾಗಿ ಸುಮಾರು 3 ವರ್ಷದೊಳಗೆ ವಸಡಿನ ಒಳಗೇ ತಯಾರಾಗುತ್ತದೆ. ಆ ಸಮಯದಲ್ಲಿ ಏನೋ ಅಡ್ಡಿಯಾಗಿ ಎನಾಮೆಲ್ ಗಟ್ಟಿಯಾಗದೆ ಉಳಿಯುತ್ತದೆ. ಹೆರಿಗೆಯ ತೊಂದರೆ, ಚಿಕ್ಕಂದಿನ ಕಾಯಿಲೆಗಳು, ವಂಶದ ಗುಣ ಎಲ್ಲದರ ಮೇಲೂ ಅನುಮಾನ ಇದೆ, ಇದೇ ಕಾರಣ ಅಂತ ಒಂದನ್ನು ತೋರಿಸಲು ಆಗಿಲ್ಲ. ನೀವು ಹಾಲು ಕಡಿಮೆ ಕೊಟ್ಟಿದ್ದಕ್ಕೆ, ಚಾಕಲೇಟ್ ಜಾಸ್ತಿ ಕೊಟ್ಟಿದ್ದಕ್ಕೆ ಹಲ್ಲು ಹೀಗೆ ಹುಟ್ಟಿದ್ದಲ್ಲ. ಜಗತ್ತಿನ ಲೆಕ್ಕದಲ್ಲಿ ಏಳೆಂಟು ಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ. ಅಷ್ಟು ಮಾಮೂಲಿ, ಆದರೂ ನಮ್ಮಲ್ಲಿ ಹೆಸರೇ ಕೇಳಿರುವುದಿಲ್ಲ.

ಪಾವಗಡ, ಕೋಲಾರ, ಮುಂಡರಗಿ ಕಡೆಯವರು ಇದನ್ನು ನೀರಿನ ಫ್ಲೋರೈಡ್ ಕಲೆ ಅಂತ ತಿಳಿಯಬಹುದು. ಅಲ್ಲಿ ಬೋರ್‌ವೆಲ್ ನೀರಿನಿಂದ ಹಲ್ಲು ಕಲೆಯಾಗುವುದು ನಿಜ. ಆದರೆ ಆ ಕಲೆ ಸಾಮಾನ್ಯವಾಗಿ ತುಂಬಾ ಹಲ್ಲುಗಳಲ್ಲಿ, ಎರಡೂ ಬದಿಗೆ ಒಂದೇ ತರ, ಮೋಡ ಹರಡಿದ ಹಾಗೆ ಇರುತ್ತದೆ. ಇದು ಹಾಗಲ್ಲ. ಒಂದು ಹಲ್ಲು ಪೂರ್ತಿ ಚೆನ್ನಾಗಿರುತ್ತದೆ, ಎದುರು ಬದಿಯದು ಹಾಳಾಗಿರುತ್ತದೆ, ಮಚ್ಚೆಗೆ ಗೆರೆ ಎಳೆದಂತೆ ಅಂಚು ಇರುತ್ತದೆ. ಎರಡೂ ಒಟ್ಟಿಗೆ ಇರಬಹುದು, ವೈದ್ಯರೇ ನೋಡಿ ಹೇಳಬೇಕು.

ಈಗ ಉಜ್ಜುವ ವಿಷಯ. ನನ್ನ ಪ್ರಕಾರ ಅರ್ಧ ಗೆಲುವು ಇಲ್ಲೇ ಇದೆ. ಹೊಸದಾಗಿ ಬರುತ್ತಿರುವ ಹಲ್ಲು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿ ಇರುತ್ತದೆ, ಮಾಮೂಲಿಯಾಗಿ ಹಿಂದೆ ಮುಂದೆ ಉಜ್ಜಿದರೆ ಬ್ರಷ್ ಅದರ ಮೇಲಿಂದ ಹಾರಿಹೋಗುತ್ತದೆ, ಅದಕ್ಕೆ ತಾಗುವುದೇ ಇಲ್ಲ. ಮಗುವಿನ ತಲೆಯನ್ನು ನಿಮ್ಮ ತೊಡೆಯ ಮೇಲೆ ಇಟ್ಟುಕೊಳ್ಳಿ. ಒಂದು ಬೆರಳಲ್ಲಿ ಕೆನ್ನೆ ಸರಿಸಿ. ಬ್ರಷ್ಷನ್ನು ಕೆನ್ನೆಯ ಬದಿಯಿಂದ ಅಡ್ಡಲಾಗಿ ತಂದು ಆ ಒಂದು ಹಲ್ಲಿನ ಮೇಲೆ ಮೆಲ್ಲಗೆ ಆಡಿಸಿ. ಚಿಕ್ಕ ತಲೆಯ, ಮೆತ್ತನೆಯ ಬ್ರಷ್ ಇರಲಿ. ಬ್ರಷ್ ನೆನೆಸಲೂ ಬಾಯಿಗೂ ಉಗುರು ಬೆಚ್ಚಗಿನ ನೀರು ಕೊಡಿ, ಜುಮ್ ಅನ್ನುವುದು ಎಷ್ಟೋ ಕಡಿಮೆಯಾಗುತ್ತದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ. ಮಗುವಿಗೆ ಕನಿಷ್ಠ ಏಳೆಂಟು ವರ್ಷ ಆಗುವವರೆಗೆ ನೀವೇ ಉಜ್ಜಬೇಕು, ಅಥವಾ ಪಕ್ಕದಲ್ಲಿ ನಿಂತು ಮತ್ತೊಮ್ಮೆ ಕೈ ಆಡಿಸಬೇಕು.

ಪೇಸ್ಟ್ ತರುವಾಗ ಟ್ಯೂಬಿನ ಹಿಂದೆ ಓದಿ. ಸುಮಾರು 1000 ಪಿಪಿಎಂ ಫ್ಲೋರೈಡ್ ಇರಬೇಕು. ಎಷ್ಟೋ ಗಿಡಮೂಲಿಕೆ ಪೇಸ್ಟ್‌ಗಳಲ್ಲಿ, ಬಣ್ಣದ ಮಕ್ಕಳ ಪೇಸ್ಟ್‌ಗಳಲ್ಲಿ ಅದು ಇರುವುದೇ ಇಲ್ಲ. ಬಟಾಣಿ ಕಾಳಿನಷ್ಟು ಸಾಕು. ಉಜ್ಜಿದ ಮೇಲೆ ಉಗಿಯಲಿ, ಆದರೆ ನೀರು ಹಾಕಿ ಬಾಯಿ ಮುಕ್ಕಳಿಸುವುದು ಬೇಡ. ಇದು ನಮಗೆ ವಿಚಿತ್ರ ಅನ್ನಿಸುತ್ತದೆ ಅಲ್ವಾ, ಆದರೆ ಮುಕ್ಕಳಿಸಿದರೆ ಹಲ್ಲಿಗೆ ಬೇಕಾದ ಫ್ಲೋರೈಡೇ ತೊಳೆದುಹೋಗುತ್ತದೆ. ನಿಮ್ಮ ಊರಿನ ನೀರಲ್ಲೇ ಫ್ಲೋರೈಡ್ ಜಾಸ್ತಿ ಇದ್ದರೆ ವೈದ್ಯರಿಗೆ ಅದನ್ನು ಹೇಳಿ, ಮಗು ಪೇಸ್ಟ್ ನುಂಗದ ಹಾಗೆ ನೋಡಿಕೊಳ್ಳಿ. ಇದ್ದಿಲು, ಬೂದಿ, ಉಪ್ಪು, ಹಲ್ಲುಪುಡಿ ಯಾವುದೂ ಬೇಡ. ಮಚ್ಚೆ ಹೋಗಲಿ ಅಂತ ಅಜ್ಜಿ ಪ್ರೀತಿಯಿಂದಲೇ ಇದ್ದಿಲು ತರಬಹುದು, ಅದು ಮೊದಲೇ ಮೆತ್ತಗಿರುವ ಎನಾಮೆಲನ್ನು ಉಜ್ಜಿ ತೆಗೆಯುತ್ತದೆ. ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ತಿನ್ನುವುದರಲ್ಲಿ ತುಂಬಾ ಕಟ್ಟುನಿಟ್ಟು ಬೇಕಿಲ್ಲ. ಅಂಟುವ ಸಿಹಿಯನ್ನು ದಿನಪೂರ್ತಿ ಸ್ವಲ್ಪಸ್ವಲ್ಪ ತಿನ್ನುವ ಬದಲು ಊಟದ ಜೊತೆಗೇ ಕೊಡಿ. ರಾತ್ರಿ ಉಜ್ಜಿದ ಮೇಲೆ ನೀರು ಮಾತ್ರ. ಮಚ್ಚೆಯಿರುವ ಹಲ್ಲಿನಲ್ಲಿ ಕಡ್ಲೆಮಿಠಾಯಿ, ಗಟ್ಟಿ ಕೋಡುಬಳೆ ಕಡಿದರೆ ಚೂರು ಎದ್ದುಬರಬಹುದು.

ಇನ್ನು ವೈದ್ಯರು. ಕಂಡ ತಕ್ಷಣ ಹೋಗಿ, ನೋವು ಬರಲಿ ಅಂತ ಕಾಯಬೇಡಿ. ಸಾಧ್ಯವಾದರೆ ಮಕ್ಕಳ ದಂತ ತಜ್ಞರನ್ನೇ ಹುಡುಕಿ. ದಂತ ಕಾಲೇಜುಗಳಲ್ಲಿ ಮಕ್ಕಳ ವಿಭಾಗ ಬೇರೆಯೇ ಇರುತ್ತದೆ, ಬೆಂಗಳೂರಿನವರು ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿಗೆ ಹೋಗಬಹುದು. ಹಲ್ಲು ಮುರಿದಿಲ್ಲದಿದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಶ್ ಹಚ್ಚುತ್ತಾರೆ, ಹಲ್ಲಿನ ಮೇಲಿನ ಗುಂಡಿಗಳನ್ನು ಮುಚ್ಚಿ ಸೀಲ್ ಮಾಡುತ್ತಾರೆ. ಹಾಲಿನ ಪ್ರೋಟೀನಿನಿಂದ ಮಾಡಿದ ಒಂದು ಕ್ರೀಮ್ ಕೂಡ ಬರೆಯಬಹುದು, ಮಗುವಿಗೆ ಹಾಲಿನ ಅಲರ್ಜಿ ಇದ್ದರೆ ಮರೆಯದೆ ಹೇಳಿ. ಅಂಚು ಉದುರಿದ್ದರೆ ಸುಮ್ನೆ ಸಿಮೆಂಟ್ ತುಂಬಿಸಿಕೊಂಡು ಬಂದರೆ ಸಾಲದು. ಕೆಟ್ಟ ಎನಾಮೆಲಿಗೆ ಸಿಮೆಂಟ್ ಚೆನ್ನಾಗಿ ಹಿಡಿಯುವುದಿಲ್ಲ, ಪದೇಪದೇ ಬೀಳುತ್ತದೆ. ಅಂಥ ಹಲ್ಲಿಗೆ ಬೆಳ್ಳಿ ಬಣ್ಣದ ಸ್ಟೀಲ್ ಕ್ಯಾಪ್ ಹಾಕುತ್ತಾರೆ. ನೋಡಲು ಚೆಂದ ಇಲ್ಲ ಅಂತ ಬೇಡ ಅನ್ನಬೇಡಿ, ಹಿಂದಿನ ಹಲ್ಲದು, ವರ್ಷಗಟ್ಟಲೆ ಕಾಪಾಡುತ್ತದೆ.

ಒಂದು ವಿಷಯ ಮುಂಚೆಯೇ ಗೊತ್ತಿರಲಿ. ಇಂಥ ಹಲ್ಲಿಗೆ ಇಂಜೆಕ್ಷನ್ ಕೊಟ್ಟರೂ ಕೆಲವೊಮ್ಮೆ ಪೂರ್ತಿ ಮರಗಟ್ಟುವುದಿಲ್ಲ. ಕುರ್ಚಿಯಲ್ಲಿ ಮಗು ನೋವು ಅಂದರೆ ನಂಬಿ. ನೋವಾದರೆ ಕೈ ಎತ್ತು, ಡಾಕ್ಟರ್ ನಿಲ್ಲಿಸುತ್ತಾರೆ ಅಂತ ಮನೆಯಲ್ಲೇ ಹೇಳಿಕೊಡಿ, ಡಾಕ್ಟರಿಗೂ ಹೇಳಿ. ಮೊದಲ ಸಲ ಹೆದರಿದ ಮಗುವನ್ನು ಎರಡನೇ ಸಲ ಕರೆದುಕೊಂಡು ಹೋಗುವುದು ತುಂಬಾ ಕಷ್ಟ.

ತೀರಾ ಹಾಳಾದ ಹಲ್ಲನ್ನು ತೆಗೆಯೋಣ ಅಂದರೂ ಗಾಬರಿ ಬೇಡ. ಎಂಟರಿಂದ ಹತ್ತು ವರ್ಷದೊಳಗೆ, ಎಕ್ಸ್‌ರೇ ನೋಡಿ ಸರಿಯಾದ ಸಮಯಕ್ಕೆ ತೆಗೆದರೆ ಅದರ ಹಿಂದಿನ ಹಲ್ಲು ಎಷ್ಟೋ ಸಲ ಮುಂದೆ ಸರಿದು ಆ ಜಾಗ ತುಂಬುತ್ತದೆ. ಆದರೆ ಈ ತೀರ್ಮಾನಕ್ಕೆ ಹಲ್ಲಿನ ಸಾಲು ಸರಿಪಡಿಸುವ ತಜ್ಞರನ್ನೂ ಒಂದು ಮಾತು ಕೇಳಿ.

ಮುಂಭಾಗದ ಹಲ್ಲಿನ ಮಚ್ಚೆ ಹೆಚ್ಚಾಗಿ ನೋಟದ ಚಿಂತೆ. ಅದಕ್ಕೂ ಚಿಕಿತ್ಸೆ ಇದೆ, ಅವಸರ ಬೇಡ. ಶಾಲೆಯಲ್ಲಿ ಯಾರಾದರೂ "ಹಲ್ಲುಜ್ಜಲ್ವಾ" ಅಂತ ಕೇಳಿದರೆ "ಇದು ಹುಟ್ಟಿದ್ದೇ ಹೀಗೆ" ಅನ್ನುವುದನ್ನು ಮಗುವಿಗೆ ಕಲಿಸಿಡಿ. ಮತ್ತೆ ತಿಂಗಳಿಗೊಮ್ಮೆ ಆ ನಾಲ್ಕೂ ಹಲ್ಲಿನ ಫೋಟೋ ಫೋನಿನಲ್ಲಿ ತೆಗೆದಿಡಿ. ಅಂಚು ಸ್ವಲ್ಪ ಉದುರಿದರೂ ಹಳೆಯ ಫೋಟೋ ಪಕ್ಕ ಇಟ್ಟಾಗ ಗೊತ್ತಾಗುತ್ತದೆ, ಅವತ್ತೇ ಡಾಕ್ಟರಿಗೆ ಕಳಿಸಬಹುದು.