ಒಂದೇ ಗುಂಡಿಯ ಮ್ಯಾಕ್‌ನಲ್ಲಿ ಲಿನಕ್ಸ್: ಉಳಿದೆರಡು ಗುಂಡಿಗಳನ್ನು ಕೀಬೋರ್ಡಿನಿಂದ ಪಡೆಯುವ ಬಗೆ

1984ರ ಮೊದಲ ಮ್ಯಾಕಿಂತೋಶ್‌ನ ಮೌಸ್‌ಗೆ ಇದ್ದದ್ದು ಒಂದೇ ಗುಂಡಿ, ಮತ್ತು ಐಬುಕ್, ಪವರ್‌ಬುಕ್ ಲ್ಯಾಪ್‌ಟಾಪ್‌ಗಳ ಟ್ರ್ಯಾಕ್‌ಪ್ಯಾಡ್‌ನ ಕೆಳಗೂ ಆ ಒಂಟಿ ಗುಂಡಿಯೇ ಉಳಿದುಕೊಂಡಿತು. ಮ್ಯಾಕ್‌ನ ಸ್ವಂತ ವ್ಯವಸ್ಥೆಯಲ್ಲಿ ಕಂಟ್ರೋಲ್ ಕೀ ಒತ್ತಿ ಕ್ಲಿಕ್ ಮಾಡಿದರೆ ಮೆನು ತೆರೆದುಕೊಳ್ಳುವುದರಿಂದ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ಅದೇ ಯಂತ್ರದಲ್ಲಿ ಲಿನಕ್ಸ್ ಹಾಕಿಕೊಂಡವರಿಗೆ ಬಲಗುಂಡಿಯ ಜೊತೆಗೆ ನಡುಗುಂಡಿಯೂ ಬೇಕಾಗುತ್ತದೆ. ಲಿನಕ್ಸ್‌ನಲ್ಲಿ ಚಿತ್ರಾತ್ಮಕ ಪರದೆಯನ್ನು ನಡೆಸುವ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಗುರುತು ಮಾಡಿದ ಪಠ್ಯವನ್ನು ಇನ್ನೊಂದು ಕಡೆ ಅಂಟಿಸುವ ಕೆಲಸ ನಡುಗುಂಡಿಯದು.

ಇದಕ್ಕೆ ಬೇರೆ ತಂತ್ರಾಂಶ ಬೇಕಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿರುವ ಮ್ಯಾಕ್ ಹಿಡ್ (mac_hid) ಎಂಬ ಭಾಗವು ನಾವು ಆರಿಸಿದ ಎರಡು ಕೀಗಳನ್ನು ಮೌಸ್ ಗುಂಡಿಗಳಂತೆ ವರದಿ ಮಾಡಬಲ್ಲದು. ಆದರೆ ಅದು ಮೊದಲಿಗೆ ನಿಷ್ಕ್ರಿಯವಾಗಿರುತ್ತದೆ. ಜೊತೆಗೆ ಅದು ಮೊದಲೇ ಗೊತ್ತುಮಾಡಿಕೊಂಡಿರುವ ಕೀಗಳು ಬಲ ಕಂಟ್ರೋಲ್ (ಕೀ ಸಂಖ್ಯೆ 97) ಮತ್ತು ಬಲ ಆಲ್ಟ್ (ಕೀ ಸಂಖ್ಯೆ 100). ಪವರ್‌ಬುಕ್‌ನ ಕೀಬೋರ್ಡಿನಲ್ಲಿ ಬಲ ಕಂಟ್ರೋಲ್ ಇಲ್ಲವೇ ಇಲ್ಲ! ಆದ್ದರಿಂದ ಸೌಲಭ್ಯವನ್ನು ಚಾಲೂ ಮಾಡುವುದಕ್ಕಿಂತ ಸರಿಯಾದ ಕೀ ಆರಿಸುವುದೇ ಇಲ್ಲಿ ಮುಖ್ಯ.

ಆರಿಸಿದ ಕೀಯನ್ನು ಕರ್ನಲ್ ಪೂರ್ತಿಯಾಗಿ ನುಂಗಿಬಿಡುತ್ತದೆ, ಅಂದರೆ ಅದು ಮತ್ತೆ ಕೀಯಾಗಿ ಕೆಲಸ ಮಾಡುವುದಿಲ್ಲ. ಲಿನಕ್ಸ್‌ನ ಕನ್ನಡ ಕೀಲಿವಿನ್ಯಾಸಗಳಲ್ಲಿ ಮೂರನೆಯ ಹಂತದ (ಬರಿ ಕೀಯಿಂದಲೂ ಶಿಫ್ಟ್‌ನಿಂದಲೂ ಸಿಗದ) ಅಕ್ಷರಗಳಿಗೆ ಬಲ ಆಲ್ಟ್ ಬಳಕೆಯಾಗುವುದರಿಂದ, ಹೊರಗಿನ ಕೀಬೋರ್ಡ್ ಜೋಡಿಸಿ ಕನ್ನಡ ಟೈಪ್ ಮಾಡುವವರು ಅದನ್ನು ಬಿಟ್ಟುಕೊಡಬಾರದು. ನನ್ನ ಮಟ್ಟಿಗೆ ಎಫ್11 ಮತ್ತು ಎಫ್12 ಅನುಕೂಲ. ಅವುಗಳ ಸಂಖ್ಯೆ ಕ್ರಮವಾಗಿ 87 ಮತ್ತು 88. ಬೇರೆ ಕೀ ಬೇಕೆನಿಸಿದರೆ, ಚಿತ್ರಾತ್ಮಕ ಪರದೆಯಿಂದ ಹೊರಬಂದು ಪಠ್ಯ ಕನ್ಸೋಲ್‌ನಲ್ಲಿ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಶೋಕೀ ಆಜ್ಞೆ ಕೊಟ್ಟು ಆ ಕೀಯನ್ನು ಒತ್ತಿದರೆ ಅದರ ಸಂಖ್ಯೆ ಕಾಣಿಸುತ್ತದೆ. ಹತ್ತು ಸೆಕೆಂಡು ಏನನ್ನೂ ಒತ್ತದಿದ್ದರೆ ಆಜ್ಞೆ ತಾನಾಗಿ ಮುಗಿಯುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ ಸಾಲಿನ ಕೀಗಳಿಗೆ ಎಫ್‌ಎನ್ ಕೀಯನ್ನೂ ಸೇರಿಸಿ ಒತ್ತಬೇಕಾಗುವುದರಿಂದ ಈ ಪರೀಕ್ಷೆ ವ್ಯರ್ಥವಲ್ಲ.

ಈಗ ಪ್ರೊಕ್ ಫೋಲ್ಡರಿನೊಳಗಿನ ಸಿಸ್, ಅದರೊಳಗಿನ ಡೆವ್, ಅದರೊಳಗಿನ ಮ್ಯಾಕ್ ಹಿಡ್ ಫೋಲ್ಡರಿಗೆ ಹೋಗಿ. ಅದೇ ಕಾಣದಿದ್ದರೆ ಮ್ಯಾಕ್ ಹಿಡ್ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರಿಸುವ ತುಣುಕು) ಇನ್ನೂ ಲೋಡ್ ಆಗಿಲ್ಲವೆಂದು ತಿಳಿದು, ಮಾಡ್‌ಪ್ರೋಬ್ ಆಜ್ಞೆಯಿಂದ ಅದನ್ನು ಲೋಡ್ ಮಾಡಿ. ಅಲ್ಲಿ ಮೂರು ಫೈಲ್‌ಗಳಿವೆ. ಮೊದಲು ಬಟನ್2 ಕೀಕೋಡ್ ಎಂದು ಮುಗಿಯುವ ಹೆಸರಿನದಕ್ಕೆ 87 ಎಂದೂ ಬಟನ್3 ಕೀಕೋಡ್ ಎಂದು ಮುಗಿಯುವುದಕ್ಕೆ 88 ಎಂದೂ ಬರೆದು, ಕೊನೆಗೆ ಎಮ್ಯುಲೇಶನ್ ಎಂದು ಮುಗಿಯುವ ಫೈಲಿಗೆ 1 ಬರೆಯಿರಿ. ಇಲ್ಲಿ 2 ಎಂದರೆ ನಡುಗುಂಡಿ, 3 ಎಂದರೆ ಬಲಗುಂಡಿ. ಇದನ್ನು ಅದಲುಬದಲು ಮಾಡಿಕೊಂಡು ಗೊಂದಲಕ್ಕೀಡಾಗುವವರು ಕಡಿಮೆಯೇನಲ್ಲ. ಎಕೋ ಆಜ್ಞೆಯ ಮುಂದೆ ಸುಡೂ (ಒಂದು ಆಜ್ಞೆಯನ್ನು ಮಾತ್ರ ರೂಟ್ ಆಗಿ ನಡೆಸುವ ಆಜ್ಞೆ) ಹಾಕಿ ಬಾಣದ ಗುರುತಿನಿಂದ (>) ಫೈಲಿಗೆ ಬರೆಯಹೊರಟರೆ ಅನುಮತಿ ಇಲ್ಲವೆಂಬ ಉತ್ತರ ಬರುತ್ತದೆ, ಏಕೆಂದರೆ ಆ ಬಾಣದ ಕೆಲಸವನ್ನು ಮಾಡುವುದು ಸಾಮಾನ್ಯ ಬಳಕೆದಾರರ ಶೆಲ್, ಅಂದರೆ ಆಜ್ಞೆಗಳನ್ನು ಓದಿ ನಡೆಸುವ ತಂತ್ರಾಂಶ. ಪೂರ್ತಿಯಾಗಿ ರೂಟ್ ಆಗಿಯೇ ಬರೆಯುವುದು ಸರಳ.

ಯಂತ್ರವನ್ನು ಮರಳಿ ಆರಂಭಿಸುವ ಅಗತ್ಯವಿಲ್ಲ. ಟರ್ಮಿನಲ್‌ನಲ್ಲಿ ಒಂದು ಪದವನ್ನು ಗುರುತು ಮಾಡಿ ಎಫ್11 ಒತ್ತಿದರೆ ಅದು ಅಂಟಿಕೊಳ್ಳಬೇಕು; ಡೆಸ್ಕ್‌ಟಾಪ್‌ನ ಮೇಲೆ ಎಫ್12 ಒತ್ತಿದರೆ ಮೆನು ಬರಬೇಕು. ಕೀಯನ್ನು ಒತ್ತಿ ಹಿಡಿದರೆ ಗುಂಡಿಯನ್ನು ಹಿಡಿದಂತೆಯೇ ಆಗುವುದರಿಂದ ಎಳೆಯುವ ಕೆಲಸಕ್ಕೂ ತೊಡಕಿಲ್ಲ.

ಹೀಗೆ ಬರೆದ ಸಂಖ್ಯೆಗಳು ಯಂತ್ರ ಆರಿದೊಡನೆ ಅಳಿಸಿಹೋಗುತ್ತವೆ. ಶಾಶ್ವತವಾಗಿ ಉಳಿಸಲು ಇಟಿಸಿ ಫೋಲ್ಡರಿನ ಸಿಸ್‌ಸಿಟಿಎಲ್ ಸಂರಚನಾ ಫೈಲಿನಲ್ಲಿ ಮೂರು ಸಾಲು ಸೇರಿಸಿ: ಪ್ರತಿ ಸಾಲಿನಲ್ಲೂ ಡೆವ್, ಮ್ಯಾಕ್ ಹಿಡ್ ಮತ್ತು ಆಯಾ ಫೈಲಿನ ಹೆಸರನ್ನು ಚುಕ್ಕಿಗಳಿಂದ ಜೋಡಿಸಿ, ಸಮಚಿಹ್ನೆಯ ನಂತರ ಅದರ ಸಂಖ್ಯೆಯನ್ನು ಬರೆಯಿರಿ. ನಿಮ್ಮ ಕರ್ನಲ್‌ನಲ್ಲಿ ಮ್ಯಾಕ್ ಹಿಡ್ ಪ್ರತ್ಯೇಕ ಮಾಡ್ಯೂಲ್ ಆಗಿದ್ದರೆ, ಆರಂಭದಲ್ಲಿ ಲೋಡ್ ಆಗಬೇಕಾದ ಮಾಡ್ಯೂಲ್‌ಗಳ ಪಟ್ಟಿಯಲ್ಲೂ ಅದರ ಹೆಸರಿರಲಿ. ಇಲ್ಲದಿದ್ದರೆ ಈ ಸಾಲುಗಳನ್ನು ಓದುವ ಹೊತ್ತಿಗೆ ಆ ಫೋಲ್ಡರೇ ಹುಟ್ಟಿರುವುದಿಲ್ಲ.